ಕಾನೂನು ತಿಳಿಯೋಣ: ಕೆನ್ನೆಗೆ ಏಟು, ಕೈಗೆ ಏಟು



ಹಿಂದೂಪುರದಲ್ಲಿ ನಲ್ಲಿ ನೀರಿನ ಜಗಳದಲ್ಲಿ ನೆರೆಯವನು ಒಬ್ಬರ ಕೆನ್ನೆಗೆ ಹೊಡೆದ ಎಂದುಕೊಳ್ಳೋಣ. ಕಲ್ಯಾಣದುರ್ಗದಲ್ಲಿ ಹೊಲದ ಬದುವಿನ ಜಗಳದಲ್ಲಿ ಇನ್ನೊಬ್ಬರ ಕೈ ತಿರುಚಿ ಮೂಳೆ ಮುರಿದ. ಇಬ್ಬರೂ ಠಾಣೆಗೆ ಹೋದರು. ಕೈ ಮುರಿದವರ ದೂರಿಗೆ ಎಫ್‌ಐಆರ್ ಆಯಿತು. ಕೆನ್ನೆಗೆ ಏಟು ತಿಂದವರಿಗೆ "ಮ್ಯಾಜಿಸ್ಟ್ರೇಟರ ಬಳಿ ಹೋಗಿ" ಎಂದರು. "ಬಡವರ ಮಾತು ಯಾರು ಕೇಳುತ್ತಾರೆ" ಎಂದು ನಾವು ನೊಂದುಕೊಳ್ಳುತ್ತೇವೆ. ಆದರೆ ಈ ವ್ಯತ್ಯಾಸ ಕಾನೂನಿನಲ್ಲೇ ಇದೆ.

2024ರ ಜುಲೈ 1ರಿಂದ, 1860ರ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ ಪ್ರಕಾರ ಕೆನ್ನೆಯೇಟು ಸಾಮಾನ್ಯ ಗಾಯ. ಶಿಕ್ಷೆ 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂ.ವರೆಗೆ ದಂಡ, ಅಥವಾ ಎರಡೂ. ಇದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮೂಳೆ ಮುರಿದರೆ ಅದು ತೀವ್ರ ಗಾಯ. 7 ವರ್ಷದವರೆಗೆ ಜೈಲು, ಜೊತೆಗೆ ದಂಡ. ಇದು ಸಂಜ್ಞೇಯ, ಪೊಲೀಸರು ತಾವೇ ತನಿಖೆ ನಡೆಸಬಹುದು. ಇವೆರಡರಲ್ಲೂ ಜಾಮೀನು ಆರೋಪಿಯ ಹಕ್ಕು. ಕೊಲೆಯಂಥ ಘೋರ ಅಪರಾಧದಲ್ಲಿ ಹಾಗಲ್ಲ, ಜಾಮೀನು ಕೊಡುವುದು ಬಿಡುವುದು ನ್ಯಾಯಾಲಯಕ್ಕೆ ಸೇರಿದ್ದು.

ಹಾಗೆಂದು ಅಸಂಜ್ಞೇಯ ದೂರನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಠಾಣೆಯ ಪುಸ್ತಕದಲ್ಲಿ ಅದನ್ನು ಬರೆದುಕೊಳ್ಳಲೇಬೇಕು. ನಾವು ಗಡಿಯವರು ಇನ್ನೊಂದು ಮಾತು ನೆನಪಿಡಬೇಕು. ಗೌರಿಬಿದನೂರಿನಲ್ಲಿ ನಡೆದ ಸಂಜ್ಞೇಯ ಅಪರಾಧದ ದೂರನ್ನು ಹಿಂದೂಪುರದಲ್ಲೂ ಕೊಡಬಹುದು. "ಅದು ಕರ್ನಾಟಕದ ಸರಹದ್ದು" ಎಂದು ವಾಪಸು ಕಳಿಸುವಂತಿಲ್ಲ. ಮನೆಯಲ್ಲಿ ಕನ್ನಡ, ಠಾಣೆಯಲ್ಲಿ ತೆಲುಗು ನಮ್ಮದು. ನಾವು ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು ನಮಗೇ ಓದಿ ಹೇಳಬೇಕು. ಅರ್ಥವಾದ ಮೇಲೆಯೇ ಸಹಿ ಹಾಕೋಣ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯೋಣ.

ಕೊನೆಗೆ ರಾಜಿಯ ಮಾತು. ಕೆನ್ನೆಯೇಟನ್ನು ಏಟು ತಿಂದವರೇ ಮನ್ನಿಸಿ ಪ್ರಕರಣ ಮುಗಿಸಬಹುದು. ಮೂಳೆ ಮುರಿದಿದ್ದರೆ ರಾಜಿಗೆ ನ್ಯಾಯಾಲಯದ ಒಪ್ಪಿಗೆ ಬೇಕು. ಕೊಲೆ, ಅತ್ಯಾಚಾರಗಳಿಗೆ ರಾಜಿಯೇ ಇಲ್ಲ. ಊರ ಹಿರಿಯರು ಕೂತು, ದುಡ್ಡು ಕೊಡಿಸಿ, ಹೆಣ್ಣುಮಗುವಿನ ಬಾಯಿ ಮುಚ್ಚಿಸಿದರೆ ಅದು ರಾಜಿಯಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದೂ ತಿಳಿಸದೆ ಇರುವುದೇ 2012ರ ಪೋಕ್ಸೋ ಕಾಯ್ದೆಯಡಿ ಅಪರಾಧ.

ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರ ನೆರವು ಉಚಿತ. ದೂರವಾಣಿ 15100. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಇಂದೇ ಬರೆದಿಡೋಣ.