ಹಂಡೆ ಒಲೆಗೆ ಗೋಡೆ ಎಷ್ಟು ದಪ್ಪ?



ಈ ಸಲ ಕಿರಿಮಂಜೇಶ್ವರದ ಓದುಗರೊಬ್ಬರು ಬರೆದಿದ್ದಾರೆ: “ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಬಚ್ಚಲಲ್ಲಿ ಹೊಸ ಹಂಡೆ ಒಲೆ ಹಾಕಿಸಿದೆವು. ‘ಗೋಡೆ ದಪ್ಪ ಇದ್ದಷ್ಟೂ ಬಿಸಿ ನಿಲ್ಲತ್ತೆ’ ಅಂತ ಮೇಸ್ತ್ರಿ ಸುತ್ತಲೂ ಕೆಂಪುಕಲ್ಲು ಕಟ್ಟಿದರು. ಈಗ ಗಂಟೆಗಟ್ಟಲೆ ಉರಿ ಹಾಕಿದರೂ ನೀರು ಉಗುರುಬೆಚ್ಚಗೇ. ಮಳೆಗಾಲದ ಕಟ್ಟಿಗೆ ಆಸಾಡಿಯಲ್ಲೇ ಮುಗಿದೀತು. ಏನು ಮಾಡಲಿ ಅಕ್ಕಾ?”

ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ. ನಮ್ಮೂರಿಗೆ ಹೊಂದುವುದಿಲ್ಲ, ಅಷ್ಟೇ. ರಷ್ಯಾದಂಥ ಚಳಿದೇಶದಲ್ಲಿ ಇಟ್ಟಿಗೆಯ ದೊಡ್ಡ ಒಲೆಯನ್ನು ಒಮ್ಮೆ ಉರಿಸಿದರೆ ರಾತ್ರಿಯಿಡೀ ಕೋಣೆ ಬೆಚ್ಚಗಿರುತ್ತದೆ. ಅಲ್ಲಿ ಗೋಡೆಯೇ ಕಾಯಬೇಕು. ನಮಗೆ ಕಾಯಬೇಕಾದದ್ದು ನೀರು. ಶಾಖದ ಉಗ್ರಾಣ ಹಂಡೆಯೇ!

ಲೆಕ್ಕ ನೋಡಿ. ಸುಮಾರು 5 ಕಿಲೋ ಕಲ್ಲು ಕಾಯಲು ಬೇಕಾದ ಶಾಖದಲ್ಲಿ 1 ಲೀಟರ್ ನೀರು ಅಷ್ಟೇ ಡಿಗ್ರಿ ಕಾಯುತ್ತದೆ. 300 ಕಿಲೋ ಗೋಡೆ ಎಂದರೆ ಇನ್ನೊಂದು 60 ಲೀಟರ್ ಹಂಡೆ ಇದ್ದಂತೆ. ಅದು ಅರ್ಧ ಕಾದರೂ ಉರಿಯ ದೊಡ್ಡ ಪಾಲು ಅಲ್ಲೇ ಹೋಯಿತು.

ಹಂಡೆ ಎಷ್ಟು ದೊಡ್ಡದಿರಬೇಕು? ಚೆನ್ನಾಗಿ ಕಾದ ಒಂದು ಪಾಲು ನೀರಿಗೆ ಎರಡು ಪಾಲು ತಣ್ಣೀರು ಬೆರೆಸಿದರೆ ಮೀಯುವ ಹದ. 60 ಲೀಟರ್ ಹಂಡೆಯಿಂದ 18 ಲೀಟರಿನ ಹತ್ತು ಬಕೆಟ್ ಸಿಗುತ್ತದೆ. ಬಾಣಂತಿಗೆ ನಾಲ್ಕು, ಉಳಿದವರಿಗೆ ಆರು. ಇದಕ್ಕೆ ಬೇಕಾದ ಶಾಖ ಸುಮಾರು 3000 ಕಿಲೋಕ್ಯಾಲೊರಿ. ಒಣಕಟ್ಟಿಗೆ ಕಿಲೋಗೆ 4000ದಷ್ಟು ಕೊಡುತ್ತದೆ. ಕಾಲುಪಾಲು ನೀರಿಗೆ ಸೇರಿದರೂ 3 ಕಿಲೋ ಸಾಕು.

ಒಲೆ ಪೂರಾ ಕೆಡವುವುದು ಬೇಡ. ಹಂಡೆ ಎತ್ತಿಸಿ ಹೀಗೆ ಮಾಡಿ:

• ಒಳಸಾಲಿನ ಕಲ್ಲು ತೆಗೆಸಿ, ತೆಳು ಇಟ್ಟಿಗೆಯ ಒಂದೇ ಸಾಲು ಕಟ್ಟಿಸಿ. ಇಟ್ಟಿಗೆಗೂ ಹೊರಗಲ್ಲಿಗೂ ನಡುವೆ ಉಮಿ ಸುಟ್ಟ ಒಣಬೂದಿ ತುಂಬಿ. ಬೂದಿ ಶಾಖವನ್ನು ಹೊರಗೆ ಬಿಡದು.

• ಹಂಡೆಗೂ ಇಟ್ಟಿಗೆಗೂ ಸುತ್ತ ಎರಡು ಬೆರಳು ಸಂದಿ ಇರಲಿ. ಹೆಚ್ಚಾದರೆ ಬಿಸಿ ಹೊಗೆ ಹಂಡೆಯನ್ನು ಮುಟ್ಟದೆ ಓಡುತ್ತದೆ. ಕಡಿಮೆಯಾದರೆ ಹೊಗೆ ಬಚ್ಚಲಿಗೇ ತಿರುಗುತ್ತದೆ.

• ಉರಿಯ ಕೆಳಗೆ ಕಬ್ಬಿಣದ ಜಾಲರಿ, ಬಾಯಿಗೆ ಮುಚ್ಚಳ, ಹೊಗೆಗೆ ಕೊಳವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡದ ಅಸ್ತ್ರ ಒಲೆಯ ಗುಟ್ಟೂ ಇದೇ.

• ಹಂಡೆಗೆ ಮುಚ್ಚಳ ತಪ್ಪಿಸಬೇಡಿ. ಮಡಲು, ಗೆರಟೆ ಚೆನ್ನಾಗಿ ಒಣಗಿರಲಿ.

ಕೊನೆಯ ಮಾತು, ಇದನ್ನು ಮರೆಯಬೇಡಿ. ಬಾಣಂತಿಗೆ ಗಾಳಿ ಸೋಕಬಾರದೆಂದು ಕೆಂಡವಿರುವ ಬಚ್ಚಲಿನ ಕಿಟಕಿಯನ್ನೆಲ್ಲ ಮುಚ್ಚಿಬಿಡುತ್ತೇವೆ. ಕೆಂಡದಿಂದ ಬರುವ ವಿಷಗಾಳಿಗೆ ವಾಸನೆಯಿಲ್ಲ, ತಲೆ ತಿರುಗುವುದರೊಳಗೆ ಪ್ರಾಣಕ್ಕೇ ಅಪಾಯ. ಮೇಲಿನ ಕಿಂಡಿ ಸದಾ ತೆರೆದಿರಲಿ. ನೀರಿನ ಹದವನ್ನು ಮೊಣಕೈ ಅದ್ದಿ ನೋಡಿಯೇ ಮಗುವಿಗೆ ಹೊಯ್ಯಿರಿ.

ಒಲೆ ಸರಿಯಾದ ಮೇಲೆ ಎಷ್ಟು ಕಟ್ಟಿಗೆ ಉಳಿಯಿತೆಂದು ಬರೆಯುತ್ತೀರಲ್ಲ?