ಎರಡು ಗದೆಗಳು

ಬಹುಮಾನಕ್ಕೆ ನಮ್ಮಲ್ಲಿ ಪಾರಿತೋಷಕವೆಂಬ ಇನ್ನೊಂದು ಹೆಸರು ರೂಢಿಯಲ್ಲಿದೆ. ಪರಿತೋಷವೆಂದರೆ ತುಂಬಿದ ಸಂತೋಷ; ಅಂತಹ ಸಂತೋಷದಿಂದ ಕೊಟ್ಟುದು ಸಂಸ್ಕೃತದಲ್ಲಿ ಪಾರಿತೋಷಿಕ; ಅದೇ ಕನ್ನಡದ ನಾಲಗೆಯಲ್ಲಿ ಪಾರಿತೋಷಕವಾಗಿ ನಿಂತಿತು. ಇದರಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು. ಇಲ್ಲಿ ಹೇಳಿರುವ ಸಂತೋಷ ಕೊಡುವವರದು; ಆಟವನ್ನು ನೋಡಿ ತಣಿದವರದು. ಗೆದ್ದವನಿಗೆ ಆ ಯೋಗ್ಯತೆ ಎಲ್ಲಿಂದ ಬಂತು, ಅದರಲ್ಲಿ ಯಾರುಯಾರ ಪಾಲು ಎಷ್ಟೆಷ್ಟು ಎಂಬ ಲೆಕ್ಕವನ್ನು ಈ ಪದವು ಹೇಳುವುದಿಲ್ಲ. ಆ ಲೆಕ್ಕವನ್ನು ನಾವೇ ಹುಡುಕಿಕೊಳ್ಳಬೇಕು. ಈ ತಿಂಗಳು ಮೈಸೂರಿನ ಕುಸ್ತಿಯ ಬೆಳ್ಳಿಯ ಗದೆಯನ್ನು ಮುಂದಿಟ್ಟುಕೊಂಡು ಅದನ್ನು ಕೊಂಚ ವಿಚಾರಿಸೋಣವೆಂದು ನಮ್ಮ ಉದ್ದೇಶ.

ದಸರೆಯ ಕಾಲದಲ್ಲಿ ಮೈಸೂರಿನ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಾಡಕುಸ್ತಿಗಳು ನಡೆಯುವುದನ್ನು ವಾಚಕರಲ್ಲಿ ಕೆಲವರು ಕಂಡಿರಬಹುದು, ಉಳಿದವರು ಕೇಳಿರಬಹುದು. ಕೆಲವು ದಿನಗಳ ಮೊದಲೇ ಪೈಲ್ವಾನರನ್ನು ಕರೆಯಿಸಿ, ಅವರ ಮೈಕಟ್ಟನ್ನೂ ತೂಕವನ್ನೂ ನೋಡಿ, ಸರಿಸಮಾನರನ್ನು ಎದುರುಬದುರಾಗಿ ಗೊತ್ತುಮಾಡುವರು. ಇದಕ್ಕೆ ಜೋಡಿ ಕಟ್ಟುವುದೆಂದು ಹೆಸರು. ದಸರಾ ಕೇಸರಿ, ದಸರಾ ಕುಮಾರ, ದಸರಾ ಕಿಶೋರ ಎಂಬ ಬಿರುದುಗಳಿವೆ. ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಎಂಬ ಬಿರುದುಂಟು. ದೊಡ್ಡ ಬಿರುದನ್ನು ಗೆದ್ದವರ ಹೆಗಲಿಗೆ ಬೆಳ್ಳಿಯ ಗದೆಯನ್ನು ಏರಿಸುವ ವಾಡಿಕೆ. ನೆರೆಯ ನಾಡಿನಲ್ಲಿ 1961ನೆಯ ಇಸವಿಯಲ್ಲಿ ಮೊದಲಾದ ಮಹಾರಾಷ್ಟ್ರ ಕೇಸರಿ ಸ್ಪರ್ಧೆಯಲ್ಲಿಯೂ ಗೆದ್ದವನ ಗುರುತು ಬೆಳ್ಳಿಯ ಗದೆಯೇ. ಭೀಮಸೇನನ ಕೈಯಲ್ಲಿಯೂ ಆಂಜನೇಯನ ಹೆಗಲಿನಲ್ಲಿಯೂ ಗದೆಯನ್ನು ಕಂಡು ಬೆಳೆದ ನಮ್ಮ ಜನಕ್ಕೆ ಬಲದ ಗುರುತಾಗಿ ಬೇರೊಂದು ವಸ್ತು ತೋರದೆ ಹೋದುದು ಸಹಜವೇ ಸರಿ.

ನೋಡುವುದಕ್ಕೆ ಈ ಗದೆ ಬಲು ಸೊಗಸು. ಉರುಟಾದ ತಲೆ, ಅದರ ಮೈಮೇಲೆ ತಟ್ಟಿ ಎಬ್ಬಿಸಿದ ಹೂಬಳ್ಳಿಯ ಕೆಲಸ, ನೀಳವಾದ ಹಿಡಿ. ಆದರೆ ಇಂತಹ ಅನೇಕ ಗದೆಗಳಲ್ಲಿ ಒಳಗಿರುವುದು ಮರ. ಮೇಲೆ ಹೊದಿಸಿರುವುದು ಮಾತ್ರ ಬೆಳ್ಳಿಯ ತಗಡು. ಇದರಲ್ಲಿ ಮೋಸವೇನೂ ಇಲ್ಲ. ದೇವರ ಪಲ್ಲಕ್ಕಿಗೂ ಗರ್ಭಗುಡಿಯ ಬಾಗಿಲಿಗೂ ನಾವು ಬೆಳ್ಳಿಯನ್ನು ಹೊದಿಸುವುದು ಹೀಗೆಯೇ. ಬೆಳ್ಳಿಯ ಸ್ವಭಾವವು ಮನೆಯ ಹೆಂಗಸರಿಗೆ ನಮಗಿಂತ ಚೆನ್ನಾಗಿ ತಿಳಿದಿದೆ. ಗಾಳಿಯಲ್ಲಿ ಸುಳಿದಾಡುವ ಗಂಧಕದ ಅಂಶವು ಬೆಳ್ಳಿಯೊಡನೆ ಕೂಡಿ ಕಪ್ಪು ಪೊರೆಯಾಗಿ ಕೂರುವುದು. ತೇವವಿದ್ದಲ್ಲಿ ಈ ಕಾರ್ಯ ಇನ್ನೂ ಬೇಗ. ಆದುದರಿಂದ ನಮ್ಮ ವಸ್ತಾರೆಯ ಕಡೆ ಆಷಾಢ ಶ್ರಾವಣಗಳ ಮಳೆ ಹಿಡಿಯಿತೆಂದರೆ ದೇವರ ಮನೆಯ ದೀಪಗಳಿಗೆ ಮತ್ತೆ ಮತ್ತೆ ವಿಭೂತಿ ಹಾಕಿ ಮೆತ್ತನೆಯ ಬಟ್ಟೆಯಿಂದ ಒರೆಸಬೇಕಾಗುವುದು. ಬಲವಾಗಿ ಉಜ್ಜಿದರೆ ಕಪ್ಪಿನೊಡನೆ ಕೆತ್ತನೆಯೂ ಸವೆಯುವುದು. ಉಜ್ಜದೆ ಬಿಟ್ಟರೆ ಮಸುಕು, ಉಜ್ಜಿದರೆ ಸವೆತ: ಬೆಳ್ಳಿಯ ಬಹುಮಾನದ ಹಣೆಬರಹ ಇಷ್ಟೇ. ಈಚೆಗಂತೂ ಎಷ್ಟೋ ಕಡೆ ಬೆಳ್ಳಿಯೆಂದು ಹಂಚುವ ಬಟ್ಟಲುಗಳು ಜರ್ಮನ್ ಸಿಲ್ವರಿನವು. ಅದು ತಾಮ್ರ, ಸತು, ನಿಕ್ಕಲುಗಳ ಮಿಶ್ರಣವೇ ಹೊರತು ಅದರಲ್ಲಿ ಬೆಳ್ಳಿಯ ಗುಲಗಂಜಿಯೂ ಇಲ್ಲ.

ಇನ್ನು ಎರಡನೆಯ ಗದೆಯ ವಿಚಾರ. ಇದು ಮೆರವಣಿಗೆಯನ್ನು ಕಾಣದ ಗದೆ. ಗರಡಿಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿರುವ ಕಲ್ಲಿನದೋ ಮರದ್ದೋ ಆದ ಸಾಮಿನ ಗದೆ. ಹಳೆಯ ಗರಡಿಗಳ ಬಾಗಿಲು ಸಾಮಾನ್ಯವಾಗಿ ತಗ್ಗು. ಎಂತಹ ಜಗಜಟ್ಟಿಯಾದರೂ ತಲೆ ಬಾಗಿಸಿಯೇ ಒಳಹೊಗಬೇಕು. ಒಳಗೆ ಆಂಜನೇಯನ ಪಟವೋ ವಿಗ್ರಹವೋ ಇರುವುದು. ನಡುವೆ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣನ್ನು ಜರಡಿ ಹಿಡಿದು, ಅರಿಸಿನ, ಎಣ್ಣೆ, ತುಪ್ಪ ಮೊದಲಾದುವನ್ನು ಬೆರಸಿ, ಅಗೆದು ಹದಮಾಡಿ ಇಡುವರು. ಮಣ್ಣು ಗಟ್ಟಿಯಾದರೆ ಬಿದ್ದವನ ಮೂಳೆ ಮುರಿದೀತು; ಆದುದರಿಂದ ಮಟ್ಟಿಯನ್ನು ಅಗೆಯುವ ಕೆಲಸ ನಿತ್ಯದ್ದು, ಅದೂ ಸಾಮಿನ ಒಂದು ಭಾಗವೇ. ದಂಡ, ಬಸ್ಕಿ, ಗದೆ ತಿರುವುವುದು, ಕಲ್ಲುಗುಂಡು ಎತ್ತುವುದು, ಆಮೇಲೆ ಉಸ್ತಾದರ ಕಣ್ಣೆದುರಿಗೆ ಪಟ್ಟುಗಳ ಅಭ್ಯಾಸ. ಇಲ್ಲಿ ಚಪ್ಪಾಳೆಯಿಲ್ಲ, ಬೆಳ್ಳಿಯಿಲ್ಲ. ಇರುವುದು ಬೆವರು ಮತ್ತು ಮಣ್ಣಿನ ವಾಸನೆ.

ಈ ವಿದ್ಯೆ ನಮ್ಮ ನಾಡಿನಲ್ಲಿ ನಿನ್ನೆ ಮೊನ್ನೆಯದಲ್ಲ. ಇಂದಿನ ಬಸವಕಲ್ಯಾಣದಲ್ಲಿ ರಾಜಧಾನಿಯನ್ನು ಹೊಂದಿದ್ದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1130ನೆಯ ಇಸವಿಯ ಸುಮಾರಿನಲ್ಲಿ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಮಹಾಗ್ರಂಥದಲ್ಲಿ ಮಲ್ಲವಿನೋದವೆಂಬ ಒಂದು ಅಧ್ಯಾಯವೇ ಇದೆ. ಮಲ್ಲರಲ್ಲಿ ಜ್ಯೇಷ್ಠಿಕ ಮೊದಲಾದ ದರ್ಜೆಗಳನ್ನು ಅರಸನು ಅಲ್ಲಿ ಹೇಳಿದ್ದಾನೆ. ನಮ್ಮ ಜಟ್ಟಿ ಎಂಬ ಮಾತನ್ನು ವಿದ್ವಾಂಸರು ಈ ಜ್ಯೇಷ್ಠ ಶಬ್ದಕ್ಕೇ ಸಂಬಂಧಿಸುವರು. ಇನ್ನೂ ಬೆಳೆಯುತ್ತಿರುವ ತರುಣ ಮಲ್ಲನಿಗೆ ಭವಿಷ್ಣು ಎಂದು ಹೆಸರು. ಆಗಬೇಕಾದವನು ಎಂದು ಅದರ ಭಾವ. ಎಳೆಯರನ್ನು ಕರೆಯುವುದಕ್ಕೆ ಇದಕ್ಕಿಂತ ಆಶೆ ತುಂಬಿದ ಪದ ನಮಗೆ ತಿಳಿದಿಲ್ಲ. ಅಭ್ಯಾಸಗಳನ್ನು ಹೇಳುವಾಗ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಎಣಿಸಿದ್ದಾನೆ: ಭಾರ ಎತ್ತುವುದು, ತಿರುಗಾಡುವುದು, ನೀರಿನಲ್ಲಿ ಈಜುವುದು, ಕಂಬದ ಮೇಲಣ ಅಭ್ಯಾಸ. ಪ್ರತಿಯೊಂದರ ಕೊನೆಯಲ್ಲಿಯೂ ಶ್ರಮವೆಂಬ ಮಾತೇ ನಿಂತಿರುವುದನ್ನು ವಾಚಕರು ಲಕ್ಷಿಸಬೇಕು. ಗೆದ್ದವರಿಗೆ ವಸ್ತ್ರಾಭರಣಗಳನ್ನು ಕೊಡತಕ್ಕದ್ದೆಂದು ವಿಧಿಸಿದ ಅರಸನೇ, ಮಲ್ಲರ ಊಟ ಉಪಚಾರಗಳ ಭಾರವನ್ನೂ ಅರಮನೆಯ ಮೇಲೆ ಹೊರಿಸಿದ್ದಾನೆ. ಬಹುಮಾನ ಒಂದು ದಿನದ್ದು, ಪೋಷಣೆ ವರ್ಷವೆಲ್ಲದ್ದು ಎಂಬುದನ್ನು ಆತನು ಬಲ್ಲವನಾಗಿದ್ದನು.

ಮೈಸೂರಿನ ಅರಸರಲ್ಲಿ 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ ವಿಚಾರದಲ್ಲಿ ಒಂದು ಐತಿಹ್ಯವುಂಟು. ಅವರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ, ಅಲ್ಲಿಯ ಆಸ್ಥಾನದ ಹೆಸರಾಂತ ಜಟ್ಟಿಯನ್ನು ಸೋಲಿಸಿ, ಸನ್ಮಾನಕ್ಕೆ ಕಾಯದೆ ಹಿಂದಿರುಗಿದರಂತೆ. ಐತಿಹ್ಯವನ್ನು ಚರಿತ್ರೆಯೆಂದು ವಾದಿಸುವುದು ನಮ್ಮ ಕೆಲಸವಲ್ಲ. ಆದರೂ ಗೆದ್ದು ಬರಿಗೈಯಲ್ಲಿ ಬಂದವನ ಕಥೆಯನ್ನು ಜನರು ಮೂರುನೂರು ವರ್ಷಗಳಿಗೂ ಮೀರಿ ಜತನದಿಂದ ಕಾಪಾಡಿಕೊಂಡು ಬಂದಿದ್ದಾರೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವೂ ಇದೇ ಜಾತಿಯದು. ಜಟ್ಟಿಗಳು ಎದುರೆದುರು ನಿಲ್ಲುವರು. ಒಬ್ಬನ ತಲೆಯಲ್ಲಿ ರಕ್ತ ಕಂಡೊಡನೆ ಕಾಳಗ ಮುಗಿಯುವುದು. ಕೊಲ್ಲುವುದೂ ಗುರಿಯಲ್ಲ, ಕೊಳ್ಳುವುದೂ ಗುರಿಯಲ್ಲ. ತಲೆಮಾರಿನಿಂದ ಬಂದ ಸೇವೆಯನ್ನು ಸಲ್ಲಿಸಿದ ತೃಪ್ತಿಯೇ ಗುರಿ.

ಗರಡಿಯಂತಹ ಬಂಧುಕೂಟಗಳು ಹೊರದೇಶಗಳಲ್ಲಿಯೂ ಇದ್ದುವು. ಅಮೆರಿಕಾದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭ್ರಾತೃಸಂಘಗಳು ಬಹಳವಾಗಿ ಬೆಳೆದುವು. ಫ್ರೀಮೇಸನರ ಪಂಗಡವಾದ ನೈಟ್ಸ್ ಟೆಂಪ್ಲರ್ ಎಂಬುದು ಇವುಗಳಲ್ಲೊಂದು. 1864ರಲ್ಲಿ ವಾಷಿಂಗ್ಟನ್ ನಗರದಲ್ಲಿ ಹುಟ್ಟಿದ ನೈಟ್ಸ್ ಆಫ್ ಪಿಥಿಯಸ್ ಎಂಬುದು ಇನ್ನೊಂದು. ಅಂಗಡಿಯವರು, ಗುಮಾಸ್ತರು, ವಕೀಲರು ಸಂಜೆಯ ಹೊತ್ತು ಗರಿಯ ಟೋಪಿ ತೊಟ್ಟು, ಕತ್ತಿ ಹಿಡಿದು ಸಾಲುಗಟ್ಟಿ ಕವಾಯತು ಮಾಡುತ್ತಿದ್ದರು. 1880ರಲ್ಲಿ ಚಿಕಾಗೋ ನಗರದಲ್ಲಿ ನಡೆದ ಟೆಂಪ್ಲರರ ತ್ರೈವಾರ್ಷಿಕ ಸಮ್ಮೇಳನದಲ್ಲಿ ಊರೂರಿನ ತಂಡಗಳು ಕವಾಯತಿನ ಸ್ಪರ್ಧೆ ಹೂಡಿದುವು. ಇಂತಹ ಸ್ಪರ್ಧೆಗಳಲ್ಲಿ ಗೆದ್ದ ತಂಡಗಳಿಗೆ ಬಗೆಬಗೆಯ ಕೆತ್ತನೆಯ ಬೆಳ್ಳಿಯ ಪಾತ್ರೆಗಳು ಬಹುಮಾನವಾಗಿ ಸಲ್ಲುತ್ತಿದ್ದುವು. ಅವರು ಯುದ್ಧಕ್ಕೆ ಹೋಗುವವರಲ್ಲ. ಒಟ್ಟಿಗೆ ಹೆಜ್ಜೆ ಹಾಕುವುದೇ ಅವರ ಸಾಧನೆ. ಕವಾಯತಿನ ಬಹುಮಾನದಲ್ಲಿ ಒಂದು ನ್ಯಾಯವುಂಟು: ಸಾಲಿನ ಕಟ್ಟಕಡೆಯವನ ಹೆಜ್ಜೆ ತಪ್ಪಿದರೂ ಬೆಳ್ಳಿ ಕೈಜಾರಿತು, ಆದುದರಿಂದ ಗೆದ್ದಾಗ ಆ ಕಡೆಯವನ ಪಾಲನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಕುಸ್ತಿಯಲ್ಲಿ ಈ ನ್ಯಾಯ ಕಣ್ಣಿಗೆ ಕಾಣುವುದಿಲ್ಲ. ಗದೆಯನ್ನು ಹೊತ್ತವನು ಒಬ್ಬನೇ. ಆದರೆ ಕುಸ್ತಿಯನ್ನು ಒಬ್ಬನೇ ಕಲಿತವರುಂಟೆ? ಓದನ್ನು ಒಂಟಿಯಾಗಿ ಕಲಿಯಬಹುದು. ಹಾಡನ್ನು ಕಾಡಿನಲ್ಲಿ ಕುಳಿತು ಸಾಧಿಸಬಹುದು. ಪಟ್ಟನ್ನು ಹಾಕುವುದಕ್ಕೆ ಮಾತ್ರ ಇನ್ನೊಂದು ಮೈ ಬೇಕು. ಬಿರುದು ಗೆದ್ದ ಪ್ರತಿಯೊಬ್ಬ ಪೈಲ್ವಾನನ ಹಿಂದೆಯೂ ಅವನಿಗೆ ಪಟ್ಟು ಕೂಡಿಬರಲೆಂದು ದಿನವೂ ಮಟ್ಟಿಯಲ್ಲಿ ಬಿದ್ದು ಎದ್ದ ಜೊತೆಗಾರನೊಬ್ಬನಿರುವನು. ಮಣ್ಣು ಅಗೆದವನೊಬ್ಬ, ಮೈ ತಿಕ್ಕಿದವನೊಬ್ಬ, ತಪ್ಪನ್ನು ಗದರಿ ತಿದ್ದಿದ ಉಸ್ತಾದರೊಬ್ಬರು, ಮನೆಯಲ್ಲಿ ತಮ್ಮ ಪಾಲಿನ ಹಾಲನ್ನು ಮಗನ ಲೋಟಕ್ಕೆ ಸುರಿದ ತಾಯಿಯೊಬ್ಬರು. ಇವರೆಲ್ಲರೂ ಸೇರಿ ಎತ್ತಿದ ಗದೆಯನ್ನು ಒಬ್ಬನು ಹೊತ್ತು ಮೆರೆಯುವನು. ಇದನ್ನು ಬಲ್ಲ ಪೈಲ್ವಾನನು ಗೆದ್ದೊಡನೆ ಮೊದಲು ಉಸ್ತಾದರ ಕಾಲಿಗೆ ಬಾಗುವನು.

ಬೆಳ್ಳಿಯೊಂದನ್ನೇ ನಂಬಿದರೆ ಏನಾಗುವುದೆಂಬುದಕ್ಕೆ ಗಾಮಾ ಪೈಲ್ವಾನರ ಬಾಳೇ ಸಾಕ್ಷಿ. 1910ನೆಯ ಸೆಪ್ಟೆಂಬರಿನಲ್ಲಿ ಅವರು ಲಂಡನ್ನಿನಲ್ಲಿ ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೋ ಎಂಬ ಮಹಾಮಲ್ಲನೊಡನೆ ಎರಡು ಗಂಟೆಗೂ ಮೀರಿ ಸೆಣಸಿದರು; ಕುಸ್ತಿ ಇತ್ಯರ್ಥವಾಗಲಿಲ್ಲ. ಮರುವಾರ ಎದುರಾಳಿಯು ಬಾರದೆ ಹೋದುದರಿಂದ ಜಾನ್ ಬುಲ್ ಪಟ್ಟಿಯು ಗಾಮಾರಿಗೆ ಸಂದಿತು. 1922ರಲ್ಲಿ ಭಾರತಕ್ಕೆ ಬಂದಿದ್ದ ಇಂಗ್ಲೆಂಡಿನ ಯುವರಾಜನು ಅವರಿಗೆ ಬೆಳ್ಳಿಯ ಗದೆಯನ್ನು ಕೊಟ್ಟನು. 1928ರಲ್ಲಿ ಪಟಿಯಾಲೆಯಲ್ಲಿ ಅದೇ ಜ್ಬಿಸ್ಕೋ ಮತ್ತೆ ಎದುರಾದಾಗ ಒಂದು ನಿಮಿಷ ತುಂಬುವುದರೊಳಗೆ ಅವನ ಬೆನ್ನು ನೆಲಕ್ಕೆ ತಗಲಿತು. ಇಷ್ಟು ಕೀರ್ತಿ ಪಡೆದವರು 1960ನೆಯ ಮೇ ತಿಂಗಳಿನಲ್ಲಿ ಲಾಹೋರಿನಲ್ಲಿ ತೀರಿಕೊಳ್ಳುವ ಮುನ್ನ ರೋಗಕ್ಕೂ ಬಡತನಕ್ಕೂ ಸಿಕ್ಕಿ ನವೆದರು; ಗಡಿಯಾಚೆಯಿಂದ ಉದ್ಯಮಿ ಜಿ. ಡಿ. ಬಿರ್ಲಾ ಅವರು ಧನಸಹಾಯ ಮಾಡಿದರು. ಅವರ ಬಾಳಿನಲ್ಲಿ ಬೆಳ್ಳಿಗಿಂತ ಬೆಲೆಯುಳ್ಳ ಸಂಗತಿ ಬೇರೊಂದಿದೆ. 1947ರ ವಿಭಜನೆಯ ಘೋರ ದಿನಗಳಲ್ಲಿ ಲಾಹೋರಿನ ತಮ್ಮ ಬೀದಿಯ ಹಿಂದೂ ಕುಟುಂಬಗಳಿಗೆ ಗಾಮಾ ಕಾವಲಾಗಿ ನಿಂತುದು ಪ್ರಸಿದ್ಧವಾಗಿದೆ. ಗರಡಿಯಲ್ಲಿ ಸಂಪಾದಿಸಿದ ಬಲಕ್ಕೆ ಅದಕ್ಕಿಂತ ಯೋಗ್ಯವಾದ ಉಪಯೋಗವನ್ನು ನಾವು ಊಹಿಸಲಾರೆವು. ಅದಕ್ಕೆ ಯಾರೂ ಗದೆ ಕೊಡಲಿಲ್ಲ.

ನಮ್ಮ ಮಲೆನಾಡಿನಲ್ಲಿ ತೋಟದ ಬೇಲಿಯ ಬಳಿ, ಗುಡಿಯ ಅಂಗಳದಲ್ಲಿ ವೀರಗಲ್ಲುಗಳನ್ನು ಕಾಣುತ್ತೇವೆ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ತುರುವನ್ನು ಕಾಯುವುದಕ್ಕೋ ಊರನ್ನು ಉಳಿಸುವುದಕ್ಕೋ ಮಡಿದವನಿಗೆ ಹಿಂದಿನವರು ಕಲ್ಲಿನಲ್ಲಿ ಕೊಟ್ಟ ಪಾರಿತೋಷಕ ಅದು. ಮಳೆಗೆ ಮಸುಕದು, ಕಳ್ಳರಿಗೆ ದಕ್ಕದು. ಆದರೆ ಅದಕ್ಕೂ ಒಂದು ಕೊರತೆಯುಂಟು; ಪಡೆದವನು ಅದನ್ನು ನೋಡಲಿಲ್ಲ. ಈ ಕೊರತೆಯನ್ನು ನಾವು ಇಂದು ನೀಗಬಹುದು. ಮಾಜಿ ಪೈಲ್ವಾನರಿಗೆ ಕರ್ನಾಟಕ ಸರ್ಕಾರವು ಮಾಸಾಶನವನ್ನು ಗೊತ್ತುಮಾಡಿದೆ. ಅರ್ಹರಾದ ಮುದುಕರು ತಮ್ಮ ಬೀದಿಯಲ್ಲಿದ್ದರೆ ಅರ್ಜಿ ಬರೆದುಕೊಡುವಷ್ಟು ಅಕ್ಷರ ನಮ್ಮ ವಾಚಕರೆಲ್ಲರಿಗೂ ಬರುತ್ತದೆ. ಊರಿನಲ್ಲಿ ಹಳೆಯ ಗರಡಿಯೊಂದು ಬೀಗ ಹಾಕಿಕೊಂಡು ಕುಳಿತಿದ್ದರೆ, ಅದರ ಸೂರಿಗೆ ನಾಲ್ಕು ಹೆಂಚು ಹೊದಿಸುವ ಖರ್ಚು ಒಂದು ಬೆಳ್ಳಿಯ ಬಟ್ಟಲಿನ ಬೆಲೆಗಿಂತ ಹೆಚ್ಚಾಗದು.

ಗೃಹಸ್ಥರಿಗೆ ನಮ್ಮ ಬಿನ್ನಹ ಇನ್ನೂ ಒಂದಿದೆ. ಶಾಲೆಯ ಕವಾಯತಿನಲ್ಲಿಯೋ ಆಟದ ಬಯಲಿನಲ್ಲಿಯೋ ಗೆದ್ದು ಮಗುವು ಥಳಥಳಿಸುವ ಬಟ್ಟಲನ್ನು ಮನೆಗೆ ತಂದಾಗ, ಅದನ್ನು ಗೂಡಿನಲ್ಲಿಡುವ ಮೊದಲು ಒಂದು ಪ್ರಶ್ನೆ ಕೇಳಬೇಕು: ನಿನ್ನ ಜೊತೆ ಅಭ್ಯಾಸಕ್ಕೆ ನಿಂತವರು ಯಾರಪ್ಪ? ಆ ಹೆಸರನ್ನು ಮಗು ಹೇಳಲಿ. ಮರುದಿನ ಆ ಜೊತೆಗಾರನನ್ನು ಮನೆಗೆ ಕರೆದು ಒಟ್ಟಿಗೆ ಕೂರಿಸಿ ಒಂದು ತುತ್ತು ಸಿಹಿ ಬಡಿಸಿರಿ. ಸೋತು ಬರಿಗೈಯಲ್ಲಿ ಬಂದ ಮಗುವನ್ನು ಕೇಳತಕ್ಕದ್ದೂ ಇದೇ ಪ್ರಶ್ನೆಯೇ. ಅದಕ್ಕೂ ಜೊತೆಗಾರನಿದ್ದಾನೆ, ನಾಳೆಯ ಅಭ್ಯಾಸವಿದೆ. ಸೋಮೇಶ್ವರನ ಮಾತಿನಲ್ಲಿ ಅವೆರಡೂ ಭವಿಷ್ಣುಗಳೇ.