ಡಬ್ಬಿ ಬಂತು, ಪೇಢೆ ಎಲ್ಲಿ?

ಮುಚ್ಚಲಿದ್ದ ಜಾಲತಾಣವೊಂದರಿಂದ ನಲವತ್ತು ಹಳೆಯ ಕನ್ನಡ ಪುಸ್ತಕಗಳನ್ನು ಇಳಿಸಿಕೊಳ್ಳಲು ಧಾರವಾಡದ ನಮ್ಮ ಅಣ್ಣನ ಮಗ ಕಿರು ಪ್ರೋಗ್ರಾಮೊಂದನ್ನು ಬರೆದು, ರಾತ್ರಿ ಓಡಲು ಬಿಟ್ಟು ಮಲಗಿದ. ಬೆಳಿಗ್ಗೆ, “ಕಾಕಾ, ನಲವತ್ತೂ ಬಂದಾವ!” ಎಂದು ಹಿಗ್ಗಿದ. ತೆರೆದು ನೋಡಿದರೆ ಹನ್ನೊಂದರಲ್ಲಿ ಪುಸ್ತಕವೇ ಇಲ್ಲ. ‘ಈಗ ಬಿಡುವಿಲ್ಲ’ ಎಂಬ ಒಂದೇ ಸಾಲು! ಡಬ್ಬಿಯ ಮೇಲೆ ಪೇಢೆಯೆಂದು ಬರೆದ ಮಾತ್ರಕ್ಕೆ ಒಳಗೆ ಪೇಢೆ ಇದ್ದೀತೇ?

ಅವನು ಬಳಸಿದ್ದು 1998ರಲ್ಲಿ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಹೊರತಂದ ‘ಕರ್ಲ್’. ಅದು ವಿಧೇಯ ಆಳು. ನಿರಾಕರಣೆಯ ಚೀಟಿಯನ್ನೂ ಪುಸ್ತಕದ ಹೆಸರಿನಲ್ಲೇ ತಂದಿಡುವುದು. ಉತ್ತರದೊಡನೆ ಬರುವ ಅಂಕಿಯನ್ನು ನೋಡಬೇಕು: 200 ಎಂದರೆ ದೊರೆಯಿತು, 503 ಎಂದರೆ ಸದ್ಯಕ್ಕೆ ಆಗದು. ಆಜ್ಞೆಗೆ ‘ಫೇಲ್’ ಎಂಬ ಸೂಚನೆಯನ್ನು ಸೇರಿಸಿದರೆ ಅಂಥ ಚೀಟಿಯನ್ನು ಅದು ಉಳಿಸದು.

ಮರುರಾತ್ರಿ, ಪ್ರತಿ ಪುಸ್ತಕದ ನಡುವೆ ತುಸು ಬಿಡುವು ಕೊಟ್ಟು ಕೇಳಿದಾಗ ಹನ್ನೊಂದೂ ಬಂದವು. ಮರುದಿನ ತಾಣ ಮುಚ್ಚಿತು. ಹಿಗ್ಗುವ ಮೊದಲು ಡಬ್ಬಿ ತೆರೆದು ನೋಡುವುದೇ ಲೇಸಲ್ಲವೇ?